ಎಡೆ ಕೋಣೆಗೆ ಬಂದ ಪಾರ್ಲಿಮೆಂಟ್ ಮೆಂಬರು

ಪಿತೃಪಕ್ಷ ಬಂತು ಅಂದರೆ ನಮ್ಮ ದೊಡ್ಡಮ್ಮನಿಗೂ ನಮ್ಮಪ್ಪನಿಗೂ ಜಗಳ ಕಟ್ಟಿಟ್ಟ ಬುತ್ತಿ. ಜಗಳ ಒಂದು ಬಾಳೆಲೆಯದು. ತಾತನಿಗೊಂದು ಎಲೆ, ಅಜ್ಜಿಗೊಂದು ಎಲೆ ಹಾಕಿ ಎಡೆ ಇಡುವಾಗ ಪಕ್ಕದಲ್ಲಿ ತನ್ನ ಅಣ್ಣನಿಗೂ ಒಂದು ಎಲೆ ಹಾಕಬೇಕು ಅಂತ ಅಪ್ಪನ ಹಟ. ಆ ಅಣ್ಣ ಅಂದರೆ ದೊಡ್ಡಮ್ಮನ ಗಂಡ. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಬರ್ಮಾ ಕಡೆ ಹೋದವನು ಬರಲಿಲ್ಲ. ಸತ್ತ ಅಂತ ತಂತಿಯೂ ಬರಲಿಲ್ಲ. ಅವನು ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ.

ದೊಡ್ಡಮ್ಮ ಆ ಎಲೆಯನ್ನು ಹಾಕಲು ಬಿಡುತ್ತಲೇ ಇರಲಿಲ್ಲ. ಅಪ್ಪ ಪ್ರತಿ ವರ್ಷ ಅಣ್ಣನ ಹೆಸರಲ್ಲಿ ಒಂದು ಪಂಚೆ ತಂದರೆ ಅದನ್ನು ಕಿತ್ತುಕೊಂಡು ತನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದಳು. 'ಬಂದಾಗ ಉಟ್ಕತ್ತಾರೆ' ಅನ್ನುವಳು. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ. ಊರಿನ ಹೆಂಗಸರು ಹಿಂದೆ ಏನಾದರೂ ಅಂದುಕೊಳ್ಳಲಿ, ಎದುರಿಗೆ ಉಸಿರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ನಾನಂತೂ ದೊಡ್ಡಮ್ಮನ ಪರವೇ. ಅವಳು ಹೇಳಿದ ಮೇಲೆ ದೊಡ್ಡಪ್ಪ ಬರುವುದು ಖಂಡಿತ ಅಂತಲೇ ನಾನು ಬೆಳೆದವಳು.

ನಮ್ಮ ಕಡೆಯ ಎಡೆಯ ಕ್ರಮ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಎಲೆಗೆ ಬಡಿಸಬೇಕು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಸೇದುತ್ತಿದ್ದವರಿಗೆ ಬೀಡಿ. ಪಕ್ಕದಲ್ಲಿ ಹೊಸ ಬಟ್ಟೆ. ಧೂಪ ಹಾಕಿ ಕೈಮುಗಿದು ಎಲ್ಲರೂ ಈಚೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಬಂದು ಉಂಡು ಹೋಗುವ ತನಕ ಒಳಗೆ ನರಪಿಳ್ಳೆ ಇರಕೂಡದು. ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿದ್ದು ಆಮೇಲೆ ಮನೆಯ ಹಿರೀಕರು ಬಾಗಿಲ ಹತ್ತಿರ ಹೋಗಿ ಕೆಮ್ಮಬೇಕು. ಕೆಮ್ಮದೆ ತೆಗೆದರೆ ಉಣ್ಣುತ್ತಿರುವವರನ್ನು ಅರ್ಧಕ್ಕೆ ಎಬ್ಬಿಸಿದ ಹಾಗೆ. ಆ ಎಲೆಯ ಊಟವನ್ನು ಆಮೇಲೆ ಮನೆಯವರು ಉಣ್ಣುತ್ತಾರೆ.

ನಮ್ಮೂರು ಕೃಷ್ಣರಾಜನಗರ ತಾಲ್ಲೂಕು, ಹೊಸ ಅಗ್ರಹಾರದ ಕಡೆ. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಆ ವರ್ಷ ಹಬ್ಬಕ್ಕೆ ರಜೆ ಹಾಕಿ ಊರಿಗೆ ಬಂದರೆ ಊರಿಗೆ ಊರೇ ಸುಣ್ಣ ಬಳಿದುಕೊಂಡು ನಿಂತಿದೆ. ಏನಪ್ಪಾ ಅಂದರೆ ಆಫ್ರಿಕಾದಿಂದ ಪಾರ್ಲಿಮೆಂಟ್ ಮೆಂಬರುಗಳು ಬರುತ್ತಾರಂತೆ.

ಯಾವ ದೇಶ ಅನ್ನುವುದು ಬೇಡ ಬಿಡಿ. ಅಲ್ಲಿ ಹಲವು ಪಕ್ಷಗಳು ಎದುರುಬದುರು ನಿಂತು ಚುನಾವಣೆ ಆಗಿತ್ತು. ಗೆದ್ದು ಬಂದವರಲ್ಲಿ ಸರ್ಕಾರದ ಪಕ್ಷದವರನ್ನೂ ವಿರೋಧ ಪಕ್ಷದವರನ್ನೂ ಸೇರಿಸಿ, ಇಲ್ಲಿ ಪಂಚಾಯ್ತಿ, ತಾಲ್ಲೂಕು ಬೋರ್ಡು ಹೇಗೆ ನಡೆಯುತ್ತವೆ ನೋಡಿಕೊಂಡು ಬನ್ನಿ ಅಂತ ಕಳಿಸಿದ್ದರು. ನಮ್ಮೂರಿನವರಿಗೆ ಇದೇ ದೊಡ್ಡ ಸೋಜಿಗ. ಪಂಚಾಯ್ತಿ ಎಲೆಕ್ಷನ್ ಆದಮೇಲೆ ನಮ್ಮಲ್ಲಿ ಒಬ್ಬರ ಮನೆ ಮುಂದೆ ಇನ್ನೊಬ್ಬರು ಹಾಯುತ್ತಿರಲಿಲ್ಲ, ಇವರು ಅದು ಹೇಗೆ ಒಂದೇ ಜೀಪಿನಲ್ಲಿ ಕೂತು ಬರುತ್ತಾರೆ ಅಂತ. ಅದೂ ಬಹಳ ಕಾಲ ನಡೆಯಲಿಲ್ಲ. ಕೆಲವು ವರ್ಷಕ್ಕೆ ಆ ದೇಶದಲ್ಲಿ ಮಿಲಿಟರಿಯವರು ಪಾರ್ಲಿಮೆಂಟಿಗೆ ಬಾಗಿಲು ಹಾಕಿದರು ಅಂತ ರೇಡಿಯೋದಲ್ಲಿ ಹೇಳಿದರು. ನಮ್ಮ ಜಗಲಿಯ ಮೇಲೆ ಕೂತು ಎಳನೀರು ಕುಡಿದವರಲ್ಲಿ ಯಾರು ಉಳಿದರೋ ಯಾರು ಹೋದರೋ ನನಗೆ ಗೊತ್ತಾಗಲಿಲ್ಲ.

ಹುಣಸೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳನ್ನು ತೋರಿಸಿ, ಮಾರನೇ ದಿನ ನಮ್ಮ ತಾಲ್ಲೂಕಿಗೆ ಕರೆತಂದಿದ್ದರು. ಅವರಲ್ಲಿ ಒಬ್ಬ ಮೆಂಬರು ನಮ್ಮೂರಿನ ಹೆಸರನ್ನೇ ಹಿಡಿದು ಕೇಳಿದ್ದನಂತೆ. ನಮ್ಮ ಭತ್ತದ ಕೀರ್ತಿ ಆಫ್ರಿಕಾ ಮುಟ್ಟಿದೆ ಅಂತ ಪಂಚಾಯ್ತಿ ಚೇರ್ಮನ್ನು ಎದೆ ಉಬ್ಬಿಸಿಕೊಂಡು ಓಡಾಡಿದ್ದೇ ಓಡಾಡಿದ್ದು. ನಮ್ಮಪ್ಪ ಪಂಚಾಯ್ತಿ ಮೆಂಬರು, ಹಾರ ಹಾಕುವವರಲ್ಲಿ ಅವನೂ ಒಬ್ಬ. ನಮ್ಮ ಮನೆಯ ಎಡೆಯೂ ಅವತ್ತೇ. ಹಾರ ಹಾಕಿದವನೇ ಬಂದುಬಿಡುತ್ತೇನೆ, ಅಡಿಗೆ ರೆಡಿ ಮಾಡಿರಿ ಅಂತ ಹೇಳಿ ಹೋದ.

ಬಂದವನ ಮುಖ ಬಿಳಿಚಿಕೊಂಡಿತ್ತು. ನೀರು ಕೇಳಿ ಕುಡಿದ. ಆಮೇಲೆ ಅಮ್ಮನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಬಂದವರಲ್ಲಿ ತಲೆ ನರೆತ ಒಬ್ಬ ಮೆಂಬರು ಭಾಷಣದ ಕಡೆ ಗಮನವೇ ಕೊಡದೆ ಊರನ್ನೇ ನೋಡುತ್ತಿದ್ದನಂತೆ. ಸಭೆ ನಡೆದ ಸ್ಕೂಲಿನಿಂದ ಎಲ್ಲರೂ ನಡೆದು ಬರುವಾಗ, ಬಯಲಿನ ನಡುವೆ ನೆಟ್ಟಗೆ ಬರುತ್ತಿದ್ದವನು ಒಂದು ಕಡೆ ನಿಂತು, ಪಕ್ಕಕ್ಕೆ ಸರಿದು, ಏನನ್ನೋ ಬಳಸಿಕೊಂಡು ಹೋಗುವವನ ಹಾಗೆ ಸುತ್ತಿ ಹೋದನಂತೆ. ಅಲ್ಲಿ ಏನೂ ಇರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಅಲ್ಲೊಂದು ಹುಣಸೆಮರ ಇತ್ತು, ಅಷ್ಟೆ. ಅದನ್ನು ಕಡಿದು ಎಷ್ಟೋ ವರ್ಷವಾಗಿತ್ತು. ನಾನೇ ಅದನ್ನು ನೋಡಿದವಳಲ್ಲ.

ಆಮೇಲೆ ಆ ಮನುಷ್ಯ ದನ ನೀರು ಕುಡಿಯುವ ಕಲ್ಲುಬಾನಿ ಎಲ್ಲಿ ಅಂತ ಕೇಳಿದನಂತೆ. ಊರಲ್ಲಿ ಕಲ್ಲುಬಾನಿ ಇತ್ತು ಅನ್ನುವುದನ್ನೇ ಜನ ಮರೆತಿದ್ದರು. ಅಮ್ಮ ಇದನ್ನು ಕೇಳಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಪ್ಪ ತಗ್ಗಿದ ದನಿಯಲ್ಲಿ, ಅವನ ನಡಿಗೆ ನನಗೆ ಸರಿಕಾಣಲಿಲ್ಲ ಕಣೇ ಅಂದ. ನಾನು ಓದಿದವಳು ಅನ್ನುವ ಜಂಭದಲ್ಲಿ ನಕ್ಕೆ.

ಹೊತ್ತು ಇಳಿಯುವುದಕ್ಕೆ ಮುಂಚೆ ಎಡೆ ಇಟ್ಟೆವು. ಹಿಂದಿನ ಕೋಣೆಗೆ ಕಿಟಕಿ ಇಲ್ಲ, ಹಗಲಲ್ಲೂ ದೀಪ ಬೇಕು. ಆ ಕೋಣೆಗೆ ಕೊಟ್ಟಿಗೆ ಕಡೆಯಿಂದ ಇನ್ನೊಂದು ಗಿಡ್ಡ ಬಾಗಿಲಿದೆ. ಹಲಗೆಯಲ್ಲಿ ಒಂದು ತೂತು, ಅದರಲ್ಲಿ ಬೆರಳು ತೂರಿಸಿ ಮೇಲಕ್ಕೆತ್ತಿದರೆ ಒಳಗಿನ ಅಗುಳಿ ಜಾರುತ್ತದೆ. ಇದು ನಮ್ಮ ಮನೆಯವರಿಗೆ ಬಿಟ್ಟರೆ ಪರರಿಗೆ ಗೊತ್ತಿಲ್ಲ. ನಾವು ಆ ಬಾಗಿಲನ್ನು ಬಳಸುತ್ತಲೂ ಇರಲಿಲ್ಲ. ಅಪ್ಪ ಎಂದಿನಂತೆ ಮೂರನೇ ಎಲೆಯ ಮಾತು ತೆಗೆದ. ದೊಡ್ಡಮ್ಮ ಎಂದಿನಂತೆ ಆ ಎಲೆಯನ್ನು ಕಿತ್ತು ಅಡಿಗೆಮನೆಗೆ ಎಸೆದಳು. ಕೈಮುಗಿದು ಈಚೆ ಬಂದು ಬಾಗಿಲು ಎಳೆದುಕೊಂಡು ಪಡಸಾಲೆಯಲ್ಲಿ ಕೂತೆವು. ಅಪ್ಪ, ಅಮ್ಮ, ದೊಡ್ಡಮ್ಮ, ನಾನು, ನನ್ನ ತಮ್ಮ.

ಸ್ವಲ್ಪ ಹೊತ್ತಿಗೆ ಒಳಗೆ ಏನೋ ಸದ್ದಾಯಿತು. ಇಲಿ ಅಂದುಕೊಂಡೆವು. ಪ್ರತಿ ವರ್ಷವೂ ಇಲಿ ಇದ್ದದ್ದೇ. ಆಮೇಲೆ ನೆಲದ ಮೇಲೆ ಹೆಜ್ಜೆ ಇಟ್ಟ ಸದ್ದು. ತಮ್ಮ ನನ್ನ ಕೈ ಹಿಡಿದುಕೊಂಡ. ಅಪ್ಪ ಎದ್ದು ಬಾಗಿಲ ಹತ್ತಿರ ಹೋಗಿ ಕೆಮ್ಮಿದ. ಒಳಗಿನಿಂದಲೂ ಯಾರೋ ಕೆಮ್ಮಿದರು.

ಅಪ್ಪನ ಕೈ ಹೇಗೆ ಮುಂದಕ್ಕೆ ಹೋಯಿತೋ ಕಾಣೆ, ಬಾಗಿಲು ತೆರೆಯಿತು. ದೀಪದ ಬೆಳಕಿನಲ್ಲಿ, ಧೂಪದ ಹೊಗೆಯಲ್ಲಿ, ಎಲೆಗಳ ಮುಂದೆ ಒಬ್ಬ ಕಪ್ಪು ಮನುಷ್ಯ ನಿಂತಿದ್ದ. ಕೋಟು ಹಾಕಿದ್ದ, ಬರಿಗಾಲಲ್ಲಿದ್ದ, ಬೂಟುಗಳು ಕೈಯಲ್ಲಿದ್ದವು. ನಮ್ಮನ್ನು ನೋಡಿ ಬಾಯಗಲಿಸಿ ನಕ್ಕ. ನಕ್ಕು, ನಮ್ಮೂರಿನ ರಾಗದಲ್ಲೇ, ಎಳೆದು ಅಂದ:

"ಅವ್ವಾ, ಉಣ್ಣಕ್ಕಿಕ್ಕವ್ವಾ. ಹೊಟ್ಟೆ ಹಸೀತದೆ."

ಅಪ್ಪ ಉದ್ದಕ್ಕೆ ಬಿದ್ದು ಅವನ ಕಾಲು ಹಿಡಿದ. ಅಮ್ಮ ಗೋಡೆಗೆ ಒರಗಿ ಕುಸಿದಳು. ಆ ಮಾತು ದೊಡ್ಡಪ್ಪನದು ಅಂತ ನನಗೆ ಆಮೇಲೆ ಗೊತ್ತಾಯಿತು. ಮನೆಯೊಳಗೆ ಕಾಲಿಟ್ಟ ಕೂಡಲೇ ತನ್ನ ತಾಯಿಯನ್ನು ಕೂಗುತ್ತಿದ್ದದ್ದು ಹೀಗೆಯೇ, ಇದೇ ಎಳೆತದಲ್ಲಿ. ಆ ತಾಯಿಯ ಎಲೆಯೇ ಅವನ ಕಾಲ ಬಳಿ ಇತ್ತು. ದೊಡ್ಡಮ್ಮ ಒಬ್ಬಳು ಮಾತ್ರ ಅಲುಗಾಡಲಿಲ್ಲ. ದೀಪವನ್ನು ಕೈಗೆತ್ತಿಕೊಂಡು ಬಗ್ಗಿ ಅವನ ಪಾದಗಳನ್ನು ನೋಡಿದಳು, ಹಿಂದುಮುಂದಾಗಿ ಇವೆಯೋ ಏನೋ ಅಂತ. ಸರಿಯಾಗಿಯೇ ಇದ್ದವು. "ಮನುಷ್ಯರೇ ಕಣೋ, ಎದ್ದೇಳು" ಅಂದಳು ಅಪ್ಪನಿಗೆ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಗದ್ದಲವಾಯಿತು. ಒಬ್ಬ ಮೆಂಬರು ಕಾಣೆಯಾಗಿದ್ದಾರೆ ಅಂತ ಬ್ಲಾಕ್ ಆಫೀಸಿನವರು ಬೆವರು ಸುರಿಸಿಕೊಂಡು ಹುಡುಕುತ್ತಿದ್ದರು. ಉಳಿದ ಮೆಂಬರುಗಳೂ ಬಂದರು. ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ ಎಳನೀರು ಕೊಟ್ಟೆವು. ಆಫೀಸಿನ ದುಭಾಷಿ ಬೆಂಗಳೂರಿನವನು, ನಮ್ಮ ದೊಡ್ಡಮ್ಮನ ಮಾತು ಅವನಿಗೇ ಅರ್ಧ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು.

ಕೋಣೆಗೆ ಬಂದಿದ್ದ ಮೆಂಬರು ಹೇಳಿದ್ದು ಇಷ್ಟು. ಯುದ್ಧದಲ್ಲಿ ಅವನ ದೇಶದವರನ್ನೂ ಬರ್ಮಾದ ಕಾಡಿಗೆ ಕಳಿಸಿದ್ದರು. ಅಲ್ಲಿ ಹೇಸರಗತ್ತೆ ನಡೆಸುವ ನಮ್ಮ ದೊಡ್ಡಪ್ಪನ ಪರಿಚಯವಾಯಿತು. ಇಬ್ಬರಿಗೂ ಸರಿಯಾಗಿ ಬರುವ ಒಂದು ಭಾಷೆ ಇರಲಿಲ್ಲ, ಮಿಲಿಟರಿಯ ಹರಕುಮುರಕು ಹಿಂದೂಸ್ತಾನಿ ಅಷ್ಟೆ. ಮಳೆ ಬಿಡದೆ ಹೊಡೆಯುವಾಗ ಟಾರ್ಪಾಲಿನ ಕೆಳಗೆ ಕೂತು ದೊಡ್ಡಪ್ಪ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ಊರಿನ ದಾರಿ ಹೇಳಿಕೊಡುತ್ತಿದ್ದನಂತೆ. ಹುಣಸೆಮರ ಬಳಸಿಕೊಂಡು ಬಾ. ಕಲ್ಲುಬಾನಿ ಎಡಕ್ಕೆ ಬಿಡು. ಮುಂಬಾಗಿಲಿಗೆ ಬರಬೇಡ, ಅಲ್ಲಿ ನಮ್ಮಪ್ಪ ಕೂತಿರ್ತಾನೆ, ಹೊತ್ತು ಮೀರಿ ಬಂದರೆ ಬೈತಾನೆ. ಹಿತ್ತಲಿಂದ ಬಂದು ಬೆರಳು ತೂರಿಸಿ ಬಾಗಿಲು ತೆಗಿ, ನಮ್ಮವ್ವನ್ನ ಹೀಗೆ ಕೂಗು. ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದನಂತೆ. ಇವನೂ ತನ್ನ ಊರಿನ ದಾರಿಯನ್ನು ಅವನಿಗೆ ಹಾಗೇ ಕಲಿಸಿದ್ದ.

ಆಗ ತನಗೆ ಓದು ಬರಹ ಬರುತ್ತಿರಲಿಲ್ಲ, ಆಮೇಲೆ ಕಲಿತೆ ಅಂದ. ಚುನಾವಣೆಗೆ ನಿಂತಾಗ ಹೋದಹೋದಲ್ಲಿ ಜನರಿಗೆ ಈ ಸ್ನೇಹದ ಕಥೆ ಹೇಳಿದ್ದನಂತೆ. ಎದುರು ಪಕ್ಷದವರು ಅಂಥ ಊರೂ ಇಲ್ಲ, ಅಂಥ ಮನುಷ್ಯನೂ ಇಲ್ಲ, ಇವನು ಬುರುಡೆ ಬಿಡುತ್ತಾನೆ ಅಂತ ಹಂಗಿಸಿದರಂತೆ. ಪಾರ್ಲಿಮೆಂಟಿನಲ್ಲೂ ಎದ್ದು ನಿಂತರೆ ಸಾಕು, ಏನಪ್ಪಾ ನಿನ್ನ ಇಂಡಿಯಾದ ಅಣ್ಣ ಚೆನ್ನಾಗಿದ್ದಾನಾ ಅಂತ ಕಿಚಾಯಿಸುತ್ತಿದ್ದರಂತೆ. ಹಾಗೆ ಕಿಚಾಯಿಸುತ್ತಿದ್ದ ಸರ್ಕಾರದ ಪಕ್ಷದ ದಪ್ಪನೆಯ ಮನುಷ್ಯ ಪಕ್ಕದಲ್ಲೇ ಕೂತಿದ್ದ. ಅವನು ಎಳನೀರು ಕೆಳಗಿಟ್ಟು ನಮ್ಮ ಮನೆಯ ಕಂಬಗಳನ್ನೂ ತೊಲೆಗಳನ್ನೂ ಒಂದೊಂದಾಗಿ ನೋಡುತ್ತಿದ್ದ.

ಇಷ್ಟು ಹೇಳಿ ಅವನು ಹುರುಪಿನಿಂದ ಅತ್ತಿತ್ತ ನೋಡಿ ನನ್ನನ್ನು ಕೇಳಿದ, ಎಲ್ಲಿ ಅವನು, ಗದ್ದೆಗೆ ಹೋಗಿದ್ದಾನಾ ಅಂತ. ಅದೇ ಗಳಿಗೆಯಲ್ಲಿ ದೊಡ್ಡಮ್ಮ ನನ್ನ ತೋಳು ಹಿಡಿದು, "ಅವ್ರು ಎಲ್ಲವ್ರೆ ಕೇಳು ಮಗ" ಅಂದಳು.

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅವಳ ಕಣ್ಣಲ್ಲಿ ಅಷ್ಟು ವರ್ಷದ ಆಸೆ, ಅವನ ಕಣ್ಣಲ್ಲೂ ಆಸೆ. ಆ ಬಿ.ಎ. ಯಾಕಾದರೂ ಪಾಸು ಮಾಡಿದೆನೋ ಅನ್ನಿಸಿತು. ಅವರು ಬರಲೇ ಇಲ್ಲ ಅಂತ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಬರಲಿಲ್ಲ ಅಂದರೇನು ಅಂತ ಕೇಳಿದ. ಯುದ್ಧದಿಂದ ವಾಪಸ್ಸು ಬರಲಿಲ್ಲ ಅಂದೆ.

ಅವನು ತಲೆ ಅಲ್ಲಾಡಿಸಿದ. ಯುದ್ಧ ಮುಗಿದು ಬಹಳ ದಿನವಾದ ಮೇಲೆ, ಇಬ್ಬರೂ ಇಂಡಿಯಾಕ್ಕೆ ಬಂದಿದ್ದಾಗ, ತಾನೇ ಅವನನ್ನು ರೈಲು ಹತ್ತಿಸಿದ್ದಾಗಿ ಹೇಳಿದ. ಮಿಲಿಟರಿಯಿಂದ ಬಿಡುಗಡೆಯಾಗಿ ಊರಿಗೆ ಹೊರಟಿದ್ದ. ಕಿಟಕಿ ಪಕ್ಕ ಕೂತಿದ್ದ. ಹೆಂಡತಿಗೆ ಅಂತ ಕೆಂಪು ಸೀರೆ ಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದ.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ನನ್ನ ತೋಳು ಬಿಟ್ಟಳು. ಕಾಯಿಲೆ ಇತ್ತಾ ಕೇಳು ಅಂದಳು. ಇರಲಿಲ್ಲ ಅಂದ. ಏಟುಗೀಟು ಬಿದ್ದಿತ್ತಾ? ಇಲ್ಲ, ಗುಂಡುಕಲ್ಲಿನ ಹಾಗಿದ್ದ. ಬೇಜಾರಾಗಿದ್ರಾ? ಇಲ್ಲಮ್ಮ, ನಗುತ್ತಿದ್ದ, ರೈಲು ಹೊರಟ ಮೇಲೂ ಕೈಬೀಸುತ್ತಿದ್ದ. ಒಂದೊಂದು ಒಳ್ಳೆಯ ಸುದ್ದಿಗೂ ಅವಳ ಮುಖ ಗಟ್ಟಿಯಾಗುತ್ತಾ ಹೋಯಿತು. ಅವನು ಮಾತ್ರ ಸಂತೋಷದ ಸುದ್ದಿ ಹೇಳುತ್ತಿದ್ದೇನೆ ಅಂದುಕೊಂಡೇ ಹೇಳುತ್ತಿದ್ದ, ಪಾಪ.

ನನಗೆ ನಿಜವಾದ ಹೆದರಿಕೆ ಆದದ್ದು ಆಗ. ಕೋಣೆಯಲ್ಲಿ ನಿಂತವನನ್ನು ದೆವ್ವ ಅಂದುಕೊಂಡಾಗಲೂ ಅಷ್ಟು ಹೆದರಿರಲಿಲ್ಲ. ಬರ್ಮಾದ ಕಾಡಿನಲ್ಲಿ ಸತ್ತ ದೊಡ್ಡಪ್ಪನೂ ನನಗೆ ಗೊತ್ತು, ಎಲ್ಲೋ ಜೈಲಿನಲ್ಲಿದ್ದು ಬರುವ ದೊಡ್ಡಪ್ಪನೂ ಗೊತ್ತು. ಈ ದೊಡ್ಡಪ್ಪ ಗೊತ್ತಿರಲಿಲ್ಲ. ಚೆನ್ನಾಗಿ ಎಣ್ಣೆ ಹಾಕಿ ತಲೆ ಬಾಚಿಕೊಂಡು, ಸೀರೆ ಮಡಿಲಲ್ಲಿಟ್ಟುಕೊಂಡು, ರೈಲಿನಲ್ಲಿ ನಗುತ್ತಾ ಊರ ಕಡೆ ಬರುತ್ತಿರುವ ಮನುಷ್ಯ, ಬರುತ್ತಲೇ ಇದ್ದಾನೆ, ಯಾವ ಸ್ಟೇಷನ್ನಿನಲ್ಲೂ ಇಳಿದಿಲ್ಲ. ಅಥವಾ ಯಾವುದರಲ್ಲೋ ಇಳಿದಿದ್ದಾನೆ. ಆ ಕೆಂಪು ಸೀರೆಯನ್ನು ಯಾರೋ ಉಟ್ಟಿದ್ದಾರೆ.

ದೊಡ್ಡಮ್ಮ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಬೀಗ ತೆಗೆದ ಸದ್ದು ಕೇಳಿಸಿತು. ಈಚೆ ಬಂದಾಗ ಕೈಯಲ್ಲಿ ಪಂಚೆಗಳಿದ್ದವು, ಅಷ್ಟು ವರ್ಷದ ಪಂಚೆಗಳು, ಹಳದಿ ತಿರುಗಿದವು, ಒಂದೂ ಮಡಿಕೆ ಬಿಚ್ಚಿರಲಿಲ್ಲ. ಒಂದು ಎಲೆ ತಾ ಅಂದಳು ಅಪ್ಪನಿಗೆ.

ಅಪ್ಪ ಮೊದಲು ಅರ್ಥವಾಗದೆ ನೋಡಿದ. ಆಮೇಲೆ ಗಾಬರಿಯಾದ. "ಬ್ಯಾಡ ಅತ್ಗೆಮ್ಮ. ಅಣ್ಣ ಬದುಕಿದ್ದ ಅಂತ ತಾನೆ ಅವ್ರು ಹೇಳ್ತಾವ್ರೆ? ಇರೋರಿಗೆ ಎಡೆ ಇಡಬಾರ್ದು, ಕೆಟ್ಟದಾಯ್ತದೆ."

"ಇದ್ದಿದ್ರೆ ಮನೆಗೆ ಬತ್ತಿದ್ರು ಕಣಪ್ಪ" ಅಂದಳು ದೊಡ್ಡಮ್ಮ.

ಅಷ್ಟೆ. ದನಿ ಎತ್ತಲಿಲ್ಲ, ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾನೇ ಎಲೆ ಹಾಸಿ ತೊಳೆದು, ತಾನೇ ಬಡಿಸಿದಳು. ಮುದ್ದೆ ಇಟ್ಟು ಸಾರು ಬಿಟ್ಟಳು. ಪಂಚೆಗಳನ್ನೆಲ್ಲ ಪಕ್ಕದಲ್ಲಿ ಜೋಡಿಸಿದಳು. ನಾವು ಈಚೆ ಬಂದು ಮತ್ತೆ ಬಾಗಿಲು ಎಳೆದುಕೊಂಡೆವು. ಮೆಂಬರುಗಳು ಜಗಲಿಯಲ್ಲಿ ತಮ್ಮತಮ್ಮಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ನಮ್ಮನ್ನು ನೋಡಿ ಅವರೂ ಮಾತು ನಿಲ್ಲಿಸಿದರು. ಒಳಗೆ ಲೋಟ ಇಟ್ಟ ಸದ್ದಾಯಿತು ಅಂತ ನನ್ನ ತಮ್ಮ ಇವತ್ತಿಗೂ ಹೇಳುತ್ತಾನೆ. ನನಗೇನೂ ಕೇಳಿಸಲಿಲ್ಲ. ಅಪ್ಪ ಕೆಮ್ಮುವುದಕ್ಕೆ ಎದ್ದರೆ ದೊಡ್ಡಮ್ಮ ಅವನನ್ನು ತಡೆದು ತಾನೇ ಹೋಗಿ ಬಾಗಿಲಲ್ಲಿ ನಿಂತು ಕೆಮ್ಮಿದಳು.

ಬಾಗಿಲು ತೆಗೆದು, ಆ ಮೆಂಬರನ್ನು ಕೈಸನ್ನೆ ಮಾಡಿ ಒಳಗೆ ಕರೆದಳು. ಆ ಎಲೆಯ ಮುಂದೆ ಕೂರಲು ಹೇಳಿದಳು. ಅದನ್ನು ಉಣ್ಣಬೇಕಾದವಳು ಅವಳು, ಅವನನ್ನು ಕೂರಿಸಿದಳು. ಅವನು ಕೋಟು ಬಿಚ್ಚಿಟ್ಟು ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಿದ. ಅದನ್ನೂ ದೊಡ್ಡಪ್ಪನೇ ಕಲಿಸಿದ್ದಿರಬೇಕು. ಪಂಚೆಗಳ ರಾಶಿ ನೋಡಿ, ಇದು ಯಾರ ಎಲೆ ಅಂತ ನನ್ನನ್ನು ಕೇಳಿದ. ದೊಡ್ಡಮ್ಮನ ಕಡೆ ನೋಡಿದೆ.

"ಮನೆ ಯಜಮಾನ್ರುದು ಅನ್ನು. ಬ್ಯಾರೆ ಏನೂ ಹೇಳ್ಬ್ಯಾಡ" ಅಂದಳು.

ಅಷ್ಟನ್ನೇ ಹೇಳಿದೆ. ಗೆಳೆಯನ ಎಲೆಯಲ್ಲಿ ಉಣ್ಣುವ ಮರ್ಯಾದೆ ಸಿಕ್ಕಿತಲ್ಲ ಅಂತ ಅವನ ಮುಖ ಅರಳಿತು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡ. ಅವನು ಉಣ್ಣುವುದನ್ನು ದೊಡ್ಡಮ್ಮ ಕಂಬಕ್ಕೆ ಒರಗಿ ನೋಡಿದಳು. ಬೇಕು ಅನ್ನುವ ಮೊದಲೇ ಸಾರು ಬಿಟ್ಟಳು. ದೊಡ್ಡಪ್ಪನಿಗೆ ಅವಳು ಬಡಿಸುತ್ತಿದ್ದದ್ದು ಹೀಗೆಯೇ ಇದ್ದಿರಬೇಕು ಅನ್ನಿಸಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಜೀಪು ಹೊರಡುವ ಹೊತ್ತಾಯಿತು. ಅವನು ದೊಡ್ಡಮ್ಮನ ಮುಂದೆ ನಿಂತು ಎರಡೂ ಕೈ ಜೋಡಿಸಿದ. ಮುಂದಿನ ಚುನಾವಣೆಯಲ್ಲಿ ಗೆದ್ದರೆ ಮತ್ತೆ ಬರುತ್ತೇನೆ, ಗೆಳೆಯ ಬಂದರೆ ನಾನು ದಾರಿ ತಪ್ಪದೆ ಬಂದಿದ್ದೆ ಅಂತ ಹೇಳಿ ಅಂದ. ನಾನು ಹಾಗೇ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಸೆರಗಿನ ತುದಿಯಿಂದ ಹಣೆಯ ಕುಂಕುಮವನ್ನು ಒರೆಸಿಕೊಂಡಳು, ಬೆವರು ಒರೆಸಿಕೊಳ್ಳುವವಳ ಹಾಗೆ.

"ಯಜಮಾನ್ರು ಬಂದಿದ್ರು, ಉಂಡ್ಕಂಡು ಹೋದ್ರು ಅಂತ ಹೇಳು ಮಗ" ಅಂದಳು.

ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಆಗಲಿ, ಬಂದ ತಕ್ಷಣ ಹೇಳುತ್ತೇವೆ ಅಂತ ಇಂಗ್ಲಿಷಿನಲ್ಲಿ ಅಂದೆ. ಅವನು ನಗುತ್ತಾ ಜೀಪು ಹತ್ತಿದ. ನಾನು ತಿರುಗಿ ನೋಡುವಷ್ಟರಲ್ಲಿ ದೊಡ್ಡಮ್ಮ ಒಳಗೆ ಹೋಗಿ ಎಲೆ ಎತ್ತಿ ಕೋಣೆಗೆ ಸಗಣಿ ಹಾಕಿ ಸಾರಿಸುತ್ತಿದ್ದಳು.